ಎರೆಮಣ್ಣಿನಲ್ಲಿ ಆರು ಗುಣಿ

ನಮ್ಮ ಹಿತ್ತಲ ಕಾಂಪೌಂಡಿನ ಬುಡದಲ್ಲಿ ಒಂದು ಬಿರುಕಿದೆ. ಏಪ್ರಿಲ್‌ನಲ್ಲಿ ಅದರೊಳಗೆ ಹ್ಯಾಕ್ಸಾ ಬ್ಲೇಡು ಪೂರ್ತಿ ಇಳಿಯುತ್ತದೆ, ಆಗಸ್ಟ್‌ನಲ್ಲಿ ಉಗುರು ಕೂಡ ಹೋಗುವುದಿಲ್ಲ. ದಾವಣಗೆರೆಯ ಎರೆಮಣ್ಣು ಅಂದರೆ ಇದೇ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಭದ್ರಾ ನಾಲೆಯ ನೀರು ಹಿಡಿದಿಟ್ಟು ಭತ್ತ ಬೆಳೆದುಕೊಡುವ ಗುಣವೂ ಅದೇ, ಮನೆ ಗೋಡೆ ಸೀಳುವ ಗುಣವೂ ಅದೇ.

ನಾನು ಟರ್ನರ್. ಇಪ್ಪತ್ತೈದು ವರ್ಷ ಬೇರೆಯವರ ಶೆಡ್ಡಿನಲ್ಲಿ ಲೇತ್, ಅಂದರೆ ಕಬ್ಬಿಣವನ್ನು ತಿರುಗಿಸಿ ಹೆರೆಯುವ ಮೆಷೀನು, ಓಡಿಸಿದವನು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾದ ಹಳೇ ಲೇತ್ ಒಂದು ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಾಗ, ಹಿತ್ತಲಲ್ಲೇ ಸ್ವಂತ ವರ್ಕ್‌ಶಾಪ್ ಕಟ್ಟುವುದು ಅಂತ ತೀರ್ಮಾನ ಮಾಡಿದೆ. ಲೇತಿನ ಬೆಡ್ಡು ಕೂದಲೆಳೆಯಷ್ಟು ತಿರುಚಿಕೊಂಡರೂ ಶಾಫ್ಟು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಬರುತ್ತದೆ. ಅದಕ್ಕೇ ಶೀಟು, ಗೋಡೆ, ವೈರಿಂಗು ಇವುಗಳಿಗಿಂತ ನನ್ನ ತಲೆ ತಿಂದದ್ದು ಪಾಯ. ಪ್ಲಾಸ್ಟಿಕ್ ಹಾಳೆ ಬಳಸಿ ಆ ಪಾಯ ಹಾಕಿದ ಕಥೆ ಇದು.

ಜಾಗ 12 ಅಡಿಗೆ 16 ಅಡಿ. ಬೇಕಂತಲೇ ಈ ಅಳತೆ ಇಟ್ಟುಕೊಂಡೆ. 12 ಮತ್ತು 16ಕ್ಕೆ ಮೂಲೆಯಿಂದ ಮೂಲೆಗೆ ಸರಿಯಾಗಿ 20 ಅಡಿ ಬರುತ್ತದೆ, ಟೇಪು ಹಿಡಿದು ಎರಡೂ ಕಡೆ 20 ಬಂತೆಂದರೆ ಮೂಲೆಮಟ್ಟ ಸಿಕ್ಕ ಹಾಗೆ. ಉದ್ದಕ್ಕೆ ಎಂಟೆಂಟು ಅಡಿಗೆ ಒಂದರಂತೆ ಎರಡು ಸಾಲು, ಒಟ್ಟು ಆರು ಪಿಲ್ಲರ್. ಪರಿಚಯದ ಇಂಜಿನಿಯರ್ ಒಬ್ಬರು ಡ್ರಾಯಿಂಗ್ ಬರೆದುಕೊಟ್ಟರು: ಪ್ರತಿ ಗುಣಿ 4 ಅಡಿ ಚೌಕ, ಪಿಲ್ಲರಿಗೆ ಪಾದವಾಗುವ ಫುಟಿಂಗ್ 3 ಅಡಿ ಚೌಕ, 1 ಅಡಿ ದಪ್ಪ, ಅದರ ಮೇಲೆ 1 ಅಡಿ ಚೌಕದ ಕುತ್ತಿಗೆ ಪಿಲ್ಲರ್. ಆಳ ಎಷ್ಟು ಅಂತ ಕೇಳಿದ್ದಕ್ಕೆ, "ಆಳ ನಾನು ಹೇಳೋದಲ್ರಿ, ಗರಸು ಹೇಳ್ತದೆ. ಗರಸು ಸಿಗೋ ತನಕ ತೆಗೀರಿ" ಅಂದರು.

ನಮ್ಮಲ್ಲಿ ಗರಸು, ಅಂದರೆ ಎರೆಯ ಕೆಳಗಿನ ಗಟ್ಟಿ ಕಲ್ಲುಮಣ್ಣು, ಐದೂಕಾಲು ಅಡಿಗೆ ಕಾಣಿಸಿತು, ಐದೂವರೆಗೆ ನಿಲ್ಲಿಸಿದೆವು. ಜೆಸಿಬಿ ಕರೆಸಲಿಲ್ಲ. ಅದರ ಬಕೆಟ್ಟು ಗುಣಿಯ ಬಾಯಿ ಅಗಲ ಮಾಡಿಬಿಡುತ್ತದೆ. ಎರಡು ಆಳು, ನಾನು, ನನ್ನ ಮಗ ಸೇರಿ ಫೆಬ್ರವರಿಯಲ್ಲಿ ಐದು ದಿನ ಅಗೆದೆವು. ತೆಗೆದ ಮಣ್ಣನ್ನು ಗುಣಿಯಿಂದ ಮೂರು ಅಡಿ ಆಚೆಗೇ ಹಾಕಿಸಿದೆ. ಒಣಗಿದ ಎರೆಮಣ್ಣಿನ ಗೋಡೆ ನೋಡಲು ಕಲ್ಲಿನ ಹಾಗಿರುತ್ತದೆ, ಅಂಚಿಗೆ ಭಾರ ಬಿದ್ದರೆ ಹೇಳದೆ ಕೇಳದೆ ಹೆಂಟೆ ಹೆಂಟೆಯಾಗಿ ಕಳಚುತ್ತದೆ. ಒಳಗೆ ಕೂತು ಕೆಲಸ ಮಾಡುವವನ ಜೀವದ ಪ್ರಶ್ನೆ ಅದು. ಒಬ್ಬ ಒಳಗಿದ್ದರೆ ಇನ್ನೊಬ್ಬ ಮೇಲೆ ನಿಂತಿರಲೇಬೇಕು ಅಂತ ಮಗನಿಗೆ ಕಟ್ಟಪ್ಪಣೆ ಮಾಡಿದ್ದೆ. ರಾತ್ರಿ ಬೀದಿ ದನ ನುಗ್ಗದಂತೆ ಗುಣಿಗಳ ಮೇಲೆ ಹಲಗೆ ಮುಚ್ಚುತ್ತಿದ್ದೆವು.

ಮುಖ್ಯ ಮಾತಿಗೆ ಬರುತ್ತೇನೆ. ಬೆಡ್ ಕಾಂಕ್ರೀಟ್, ಅಂದರೆ ಫುಟಿಂಗಿನ ಕೆಳಗಿನ ತೆಳು ಹಾಸು, ಹಾಕುವ ಮೊದಲು ಗುಣಿಗೆ ನಾಲ್ಕು ಕೊಡ ನೀರು ಸುರಿಯುವುದು ಎಲ್ಲರ ರೂಢಿ. ಒಣ ಮಣ್ಣು ಕಾಂಕ್ರೀಟಿನ ನೀರು ಹೀರದಿರಲಿ ಅಂತ. ಕೆಮ್ಮಣ್ಣಿನ ಜಾಗದಲ್ಲಿ ಸರಿ. ಎರೆಮಣ್ಣಿನಲ್ಲಿ ಹಾಗೆ ಮಾಡಿದರೆ ನಾವೇ ಕೈಯಾರೆ ಮಣ್ಣನ್ನು ಉಬ್ಬಿಸಿ, ಉಬ್ಬಿದ ಮಣ್ಣಿನ ನಡುವೆ ಕಾಂಕ್ರೀಟ್ ಕೂರಿಸಿದಂತೆ. ಬೇಸಿಗೆಗೆ ಅದು ಕುಗ್ಗಿ ಕೈ ಬಿಡುತ್ತದೆ. ನೀರು ಹಾಕುವಂತಿಲ್ಲ, ಹಾಕದಿದ್ದರೆ ಮಣ್ಣು ಸಿಮೆಂಟಿನ ಪಾಲಿನ ನೀರು ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆಯ ಯೋಚನೆ ಬಂದದ್ದು ಇಲ್ಲಿಂದ.

ಆದರೂ ಮೊದಲನೇ ಫುಟಿಂಗನ್ನು ಹಳೇ ರೀತಿಯಲ್ಲೇ ಹಾಕಿದೆ. ಗಾರೆ ಮೇಸ್ತ್ರಿ "ಪ್ಲಾಸ್ಟಿಕ್ ಎಲ್ಲಾ ಯಾಕಣ್ಣ, ಹಲಗೆಗೆ ಸುಟ್ಟ ಆಯಿಲ್ ಬಳಿದ್ರೆ ಸಾಕು" ಅಂದ. ಕಾಂಕ್ರೀಟ್ ಸುರಿಯುವ ಅಚ್ಚಿನ ಪೆಟ್ಟಿಗೆಗೆ ನನ್ನ ಹತ್ತಿರ ಇದ್ದದ್ದು ಮೆಷೀನ್ ಪ್ಯಾಕಿಂಗಿನ ಹಳೇ ಹಲಗೆಗಳು. ಸಂದಿಗೆ ಪೇಪರ್ ತುರುಕಿ ಸುರಿದೆವು. ಮಾರನೇ ದಿನ ಹಲಗೆ ಬಿಚ್ಚಿದರೆ ಎರಡು ಮೂಲೆಯಲ್ಲಿ ಸಿಮೆಂಟ್ ಹಾಲು ಸೋರಿಹೋಗಿ ಜಲ್ಲಿ ಹಲ್ಲುಕಿರಿದುಕೊಂಡು ನಿಂತಿತ್ತು. ಬೆರಳಲ್ಲಿ ಕೆದಕಿದರೆ ಮೂರು ಜಲ್ಲಿ ಕೈಗೇ ಬಂದವು. ಇಂಜಿನಿಯರ್ ಬಂದು ಸುತ್ತಿಗೆಯಲ್ಲಿ ತಟ್ಟಿ, ಮೇಲ್ಮೈಯದ್ದು ಮಾತ್ರ ಅಂತ ಖಾತ್ರಿ ಮಾಡಿಕೊಂಡು, ಸಡಿಲ ಇದ್ದದ್ದನ್ನೆಲ್ಲ ಕೆತ್ತಿಸಿ, ವೈರ್ ಬ್ರಷ್ ಹಾಕಿಸಿ, ಗಟ್ಟಿ ಗಾರೆ ಮೆತ್ತಿಸಿದರು. ಅವತ್ತಿಗೆ ಸುಟ್ಟ ಆಯಿಲ್ ಡಬ್ಬ ಮೂಲೆಗೆ ಹೋಯಿತು.

ಹಾಳೆಯಲ್ಲೂ ಆಯ್ಕೆ ಇದೆ. ಮೊದಲು ಭತ್ತ ಒಣಗಿಸುವ ತಾಡಪಾಲಿನ ತುಂಡು ನೋಡಿದೆ. ಅದರ ನೇಯ್ಗೆಯ ಗೆರೆ ಕಾಂಕ್ರೀಟಿನ ಮೇಲೆ ಅಚ್ಚೊತ್ತುತ್ತದೆ, ಹಳೆಯದಾದರೆ ಸಣ್ಣ ತೂತುಗಳೂ ಇರುತ್ತವೆ. ಬಳಿಕ ನೆಂಟರ ಹೊಲದಲ್ಲಿ ಕೃಷಿ ಹೊಂಡಕ್ಕೆ ಹಾಸಿ ಉಳಿದಿದ್ದ 500 ಮೈಕ್ರಾನಿನ ಕಪ್ಪು ಹಾಳೆ ತಂದೆ. ಗಟ್ಟಿಮುಟ್ಟು, ಆದರೆ ಮೂಲೆಯಲ್ಲಿ ಮಡಚಲು ಬಗ್ಗುವುದಿಲ್ಲ. ಅದನ್ನು ನೆಲಕ್ಕೆ ಇಟ್ಟುಕೊಂಡೆ: ಉಳಿದ ಪ್ರತಿ ಗುಣಿಯ ತಳದಲ್ಲಿ, ಗರಸಿನ ಮೇಲೆ, ಬೆಡ್ ಕಾಂಕ್ರೀಟಿನ ಕೆಳಗೆ. ಹಲಗೆಗೆ ಸುತ್ತಲು 200 ಮೈಕ್ರಾನಿನದು ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ತಂದೆ.

ಎರಡನೇ ಫುಟಿಂಗಿಗೆ ಹಾಳೆಯನ್ನು ಚೀಲದಂತೆ ಇಡೀ ಪೆಟ್ಟಿಗೆಯೊಳಗೆ ಇಳಿಬಿಟ್ಟೆ. ಸೋರಲಿಲ್ಲ ನಿಜ, ಆದರೆ ಹಾಳೆ ಸುಕ್ಕುಗಟ್ಟಿ ಆ ಸುಕ್ಕುಗಳು ಕಾಂಕ್ರೀಟಿನೊಳಗೆ ಚಾಕುವಿನಲ್ಲಿ ಕುಯ್ದಂತೆ ಗಾಯ ಮಾಡಿದವು. ಒಂದು ಸುಕ್ಕು ಒಂದಿಂಚು ಆಳಕ್ಕೆ ಹೋಗಿತ್ತು. ಕಂಬಿಗೆ ಇರಬೇಕಾದ ಕವರ್ರೇ, ಅಂದರೆ ಕಾಂಕ್ರೀಟಿನ ಹೊದಿಕೆಯೇ, ಎರಡು ಇಂಚು, ಅದರಲ್ಲಿ ಅರ್ಧ ಹೋಯಿತು ಅಂದರೆ ನೀರಿಗೆ ದಾರಿ ಮಾಡಿಕೊಟ್ಟ ಹಾಗೆ. ಅಲ್ಲೂ ಕೆತ್ತಿ ಗಾರೆ ತುಂಬಬೇಕಾಯಿತು.

ಮೂರನೆಯದರಿಂದ ದಾರಿ ಬದಲಿಸಿದೆ. ಮಕ್ಕಳ ನೋಟ್‌ಬುಕ್ಕಿಗೆ ಬೈಂಡ್ ಹಾಕುತ್ತೇವಲ್ಲ, ಹಾಗೆ ಒಂದೊಂದು ಹಲಗೆಗೂ ಬೇರೆ ಬೇರೆಯಾಗಿ ಹಾಳೆ ಸುತ್ತಿದೆ. ಮುಂಭಾಗಕ್ಕೆ ಹಾಳೆ ಬಿಗಿಯಾಗಿ ಎಳೆದು, ಅಂಚಿನ ಮೇಲೆ ಮಡಚಿ, ಹಿಂಬದಿಗೆ ಸ್ಟೇಪ್ಲರ್ ಪಿನ್ನು ಹೊಡೆಯುವುದು. ನಾಲ್ಕು ಹಲಗೆ ಪೆಟ್ಟಿಗೆಯಾಗಿ ಜೋಡಿಸಿದ ಮೇಲೆ ಒಳಮೂಲೆಗಳಿಗೆ ಅಗಲವಾದ ಪ್ಯಾಕಿಂಗ್ ಟೇಪು. ಇನ್ನೊಂದು ಗುಟ್ಟು: ಹಾಳೆ ಸುತ್ತುವ ಕೆಲಸವನ್ನು ಮಟಮಟ ಮಧ್ಯಾಹ್ನದಲ್ಲೇ ಮಾಡಬೇಕು. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗಿರುತ್ತದೆ. ಆಗ ಎಳೆದು ಪಿನ್ನು ಹೊಡೆದರೆ ಸಂಜೆ ತಣ್ಣಗಾದಾಗ ತಮಟೆ ಚರ್ಮದಂತೆ ಬಿಗಿಯಾಗುತ್ತದೆ. ಬೆಳಿಗ್ಗೆ ತಂಪಿನಲ್ಲಿ ಸುತ್ತಿದ ಹಲಗೆಗಳು ಹನ್ನೊಂದು ಗಂಟೆಗೆಲ್ಲ ಜೋಲು ಬಿದ್ದದ್ದನ್ನು ನೋಡಿ ಇದನ್ನು ಕಲಿತೆ. ಹಲಗೆಗೂ ಗುಣಿಯ ಗೋಡೆಗೂ ನಡುವೆ ಉಳಿದ ಅರ್ಧ ಅಡಿಯಲ್ಲಿ ಮರದ ತುಂಡು, ಬೆಣೆ ಕೊಟ್ಟು ಒತ್ತರಿಸಿದೆ.

ಕಲಸುವ ಲೆಕ್ಕ. ಎಂ20 ದರ್ಜೆಯ ಕಾಂಕ್ರೀಟ್, ಅಂದರೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ. 50 ಕೆಜಿ ಸಿಮೆಂಟ್ ಚೀಲ ಸುಮಾರು 35 ಲೀಟರ್ ಜಾಗ ಹಿಡಿಯುತ್ತದೆ. ಅಷ್ಟೇ ಹಿಡಿಯುವ ಮರದ ಪೆಟ್ಟಿಗೆ ಮಾಡಿಕೊಂಡೆ: ಅಡಿ ಉದ್ದ, ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಚೀಲಕ್ಕೆ ಒಂದೂವರೆ ಪೆಟ್ಟಿಗೆ ಎಂ ಸ್ಯಾಂಡ್, ಮೂರು ಪೆಟ್ಟಿಗೆ 20 ಎಂಎಂ ಜಲ್ಲಿ. ಬಾಂಡ್ಲಿ ಲೆಕ್ಕ ನಂಬಬೇಡಿ, ಒಬ್ಬ ತುಂಬಿದ ಬಾಂಡ್ಲಿ ಇನ್ನೊಬ್ಬನ ಅರ್ಧ ಬಾಂಡ್ಲಿ. ನೀರು ಚೀಲಕ್ಕೆ 30 ಲೀಟರ್ ದಾಟಬಾರದು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ, ನಾನು 25ಕ್ಕೆ ನಿಲ್ಲಿಸಿದೆ. ಮಿಕ್ಸರ್ ಹುಡುಗ "ಗಟ್ಟಿ ಆತಣ್ಣ, ಇನ್ನೊಂದು ಬಕೆಟ್ ಹಾಕ್ತೀನಿ" ಅಂತ ಎರಡು ಸಲ ಬಕೆಟ್ ಎತ್ತಿದ, ಎರಡು ಸಲವೂ ಕೈ ಹಿಡಿದೆ. ಸುತ್ತಲೂ ಪ್ಲಾಸ್ಟಿಕ್ ಇರುವಾಗ ಒಳಗೆ ಹಾಕಿದ ನೀರು ಎಲ್ಲಿಗೂ ಹೋಗುವುದಿಲ್ಲ. ಅಳತೆ ತಪ್ಪಿದರೆ ಸರಿ ಮಾಡಿಕೊಳ್ಳಲು ಮಣ್ಣಿನ ಆಸರೆಯೂ ಇಲ್ಲ. ಒಂದು ಫುಟಿಂಗಿಗೆ ಎರಡು ಚೀಲ ಸರಿಹೋಯಿತು, ಕುತ್ತಿಗೆ ಪಿಲ್ಲರಿಗೆ ಒಂದು ಚೀಲದ ಮೇಲೆ ಚೂರು.

ಪ್ಲಾಸ್ಟಿಕ್ಕಿನ ಒಂದು ದೋಷ ಹೇಳಲೇಬೇಕು. ಬರೀ ಮರದ ಹಲಗೆಯಾದರೆ ಗಾಳಿಗುಳ್ಳೆ ಸ್ವಲ್ಪವಾದರೂ ಸಂದಿಯಿಂದ ಹೊರಹೋಗುತ್ತದೆ. ಹಾಳೆಗೆ ಅಂಟಿಕೊಂಡ ಗುಳ್ಳೆ ಅಲ್ಲೇ ಕೂರುತ್ತದೆ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಸೂಜಿ ತಾಗಿದರೆ ಹಾಳೆ ಹರಿಯುತ್ತದೆ, ಅದಕ್ಕೆ ಸೂಜಿಯನ್ನು ನಡುವೆಯೇ ಆಡಿಸಿ, ಹೊರಗಿನಿಂದ ಹಲಗೆಗೆ ಮರದ ಸುತ್ತಿಗೆಯಲ್ಲಿ ತಟ್ಟಿದೆವು. ತಟ್ಟಿದಾಗ ಅಂಚಿನಲ್ಲಿ ಗುಳ್ಳೆಗಳು ಅನ್ನದ ತಪ್ಪಲೆಯ ಹಾಗೆ ಬುಳುಬುಳು ಮೇಲೆ ಬರುತ್ತವೆ. ಅವು ನಿಲ್ಲುವ ತನಕ ತಟ್ಟಬೇಕು.

ಫುಟಿಂಗ್‌ಗಳು ಮುಗಿದು ಕುತ್ತಿಗೆ ಪಿಲ್ಲರಿಗೆ ಬಂದಾಗ ನನ್ನ ದೊಡ್ಡ ತಪ್ಪು ನಡೆಯಿತು. ನಾಲ್ಕು 16 ಎಂಎಂ ಕಂಬಿ, ಅರ್ಧ ಅಡಿಗೊಂದು ರಿಂಗು, ಸುತ್ತ ಹಾಳೆ ಸುತ್ತಿದ ಹಲಗೆ. ಎತ್ತರ ನಾಲ್ಕು ಅಡಿ ಎಂಟು ಇಂಚು, ಮೇಲಿನಿಂದ ಸುರಿಯಬಹುದಾದ ಒಂದೂವರೆ ಮೀಟರಿನ ಮಿತಿಯೊಳಗೇ ಇದೆ ಅಂತ ಸಮಾಧಾನವಾಗಿದ್ದೆ. ಮಾರನೇ ದಿನ ಮೊದಲ ಪಿಲ್ಲರಿನ ಹಲಗೆ ಬಿಚ್ಚಿದೆ. ಮೇಲಿಂದ ಕೆಳಗೆ ಕನ್ನಡಿಯಂತೆ ನುಣುಪು. ಬುಡದಲ್ಲಿ ಮಾತ್ರ, ಫುಟಿಂಗಿಗೂ ಪಿಲ್ಲರಿಗೂ ಕೂಡುವಲ್ಲಿ, ಕಪ್ಪು ದಾರದಂತೆ ಏನೋ ಕಂಡಿತು. ಎಳೆದೆ, ಬರಲಿಲ್ಲ. ಚಾಣದಲ್ಲಿ ಕೆತ್ತಿದರೆ, ಹಲಗೆಯ ತಳದ ಹಾಳೆ ಮೂರು ಇಂಚು ಒಳಕ್ಕೆ ಮಡಚಿಕೊಂಡು ಕೂತಿತ್ತು. ಮೇಲಿನ ಕಾಂಕ್ರೀಟ್ ಕೆಳಗಿನದನ್ನು ಹಿಡಿಯಬೇಕಾದ ಜಾಗದಲ್ಲೇ ಪ್ಲಾಸ್ಟಿಕ್. ಒಂದಡಿಯ ಪಿಲ್ಲರಿನಲ್ಲಿ ಕಾಲು ಭಾಗ ಬರೀ ಕೂತಿದೆ, ಹಿಡಿದಿಲ್ಲ.

ಮೇಸ್ತ್ರಿ "ಕಂಬಿ ಹಿಡಿದೈತಲ್ಲಣ್ಣ, ಏನಾಗಂಗಿಲ್ಲ" ಅಂದ. ಊಟ ಮಾಡುವಾಗೆಲ್ಲ ಅದೇ ಯೋಚನೆ. ಮಣ್ಣು ಮುಚ್ಚಿದ ಮೇಲೆ ಯಾರೂ ನೋಡುವುದಿಲ್ಲ, ಆದರೆ ಆ ಪಿಲ್ಲರ್ ಮೇಲೆ ನಿಲ್ಲುವುದು ನನ್ನ ಶೆಡ್ಡು, ಅದರ ಕೆಳಗೆ ನಿಲ್ಲುವುದು ನನ್ನ ಮಗ. ಮಧ್ಯಾಹ್ನವೇ ಸುತ್ತಿಗೆ, ಚಾಣ ತಗೊಂಡು ಇಳಿದೆ. ಒಂದು ದಿನದ ಕಾಂಕ್ರೀಟ್ ಆದ್ದರಿಂದ ಸಂಜೆಯೊಳಗೆ ಕಂಬಿಗೆ ಏಟು ತಾಗದಂತೆ ಒಡೆದು ತೆಗೆಯಲು ಆಯಿತು. ಉಳಿದವುಗಳಿಗೆ ಹಾಳೆಯನ್ನು ಹಲಗೆಯ ಕೆಳ ಅಂಚಿಗಿಂತ ಅರ್ಧ ಇಂಚು ಮೇಲೇ ಕತ್ತರಿಸಿ ಟೇಪು ಹಚ್ಚಿದೆ. ಪೆಟ್ಟಿಗೆ ನಿಲ್ಲಿಸಿದ ಮೇಲೆ ಟಾರ್ಚ್ ಬಿಟ್ಟು ತಳ ನೋಡದೆ ಒಂದು ಬಾಂಡ್ಲಿಯನ್ನೂ ಸುರಿಯಲಿಲ್ಲ. ಫುಟಿಂಗಿನ ತಲೆಯನ್ನೂ ಪಿಲ್ಲರ್ ಕೂರುವಷ್ಟು ಜಾಗದಲ್ಲಿ ಕೆತ್ತಿ ಒರಟು ಮಾಡಿ, ಧೂಳು ತೆಗೆದು, ಸಿಮೆಂಟ್ ಹಾಲು ಬಳಿದೆ. ಪ್ಲಾಸ್ಟಿಕ್ಕಿಗೆ ಕಾಂಕ್ರೀಟ್ ಅಂಟುವುದಿಲ್ಲ ಎನ್ನುವುದೇ ಅದರ ಉಪಯೋಗ. ಅಂಟಲೇಬೇಕಾದ ಕಡೆ ಅದರ ಚೂರೂ ಇರಕೂಡದು.

ಪಿಲ್ಲರ್ ತಲೆಯ ಬೋಲ್ಟುಗಳಿಗೆ ನಾನೇ ಥ್ರೆಡ್ ಹಾಕಿದ್ದೆ. ನಾಲ್ಕು ತೂತಿನ ಪ್ಲೈವುಡ್ ತುಂಡಿನಲ್ಲಿ ಬೋಲ್ಟು ನೇತುಹಾಕಿ, ಥ್ರೆಡ್ಡಿಗೆ ಟೇಪು ಸುತ್ತಿ, ನೀರು ತುಂಬಿದ ಮಟ್ಟದ ಪೈಪಿನಲ್ಲಿ ಆರಕ್ಕೂ ಒಂದೇ ಮಟ್ಟ ಹಿಡಿದೆವು. ಲೇತಿಗೆ ಗರಸಿನ ತನಕ ಬೇರೆಯೇ ಬ್ಲಾಕು, ಅದೂ ಇದೇ ರೀತಿ.

ಕಾಂಕ್ರೀಟ್ ಗಟ್ಟಿಯಾಗುವ ತನಕ ಒದ್ದೆಯಾಗಿಡುವ ಕ್ಯೂರಿಂಗಿನಲ್ಲೂ ಎರೆಮಣ್ಣಿನ ಮಾತು ಮರೆಯುವಂತಿಲ್ಲ. ಗುಣಿಗೆ ಪೈಪು ಬಿಟ್ಟು ನೀರು ನಿಲ್ಲಿಸಿದರೆ ಇಷ್ಟು ದಿನ ಕಾಪಾಡಿದ್ದೆಲ್ಲ ವ್ಯರ್ಥ. ಫುಟಿಂಗಿಗೂ ಪಿಲ್ಲರಿಗೂ ಒದ್ದೆ ಗೋಣಿಚೀಲ ಸುತ್ತಿ, ಅದರ ಮೇಲೆ ಹಾಳೆ ಎರಡು ಸುತ್ತು ಬಿಗಿದು ಕಟ್ಟಿದೆ. ಎರಡು ದಿನಕ್ಕೊಮ್ಮೆ ಚೊಂಬಿನಲ್ಲಿ ಗೋಣಿಗೆ ನೀರು. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ಬೇಕು, ನಮ್ಮ ಮಾರ್ಚ್ ಬಿಸಿಲಿಗೆ 14 ದಿನ ಕೊಟ್ಟೆ. ಹಾಳೆ ತೆಗೆದು ನೋಡಿದಾಗೆಲ್ಲ ಒಳಗೆ ಬೆವರಿದಂತೆ ಹನಿ ಕಟ್ಟಿರುತ್ತಿತ್ತು.

ಗೋಣಿ ತೆಗೆದು ಪಿಲ್ಲರಿಗೆ ಹಾಳೆ ಮತ್ತೆ ಸುತ್ತಿ, ಹಾಗೇ ಬಿಟ್ಟು ಮಣ್ಣು ಮುಚ್ಚಿದೆ. ಅಕ್ಕಪಕ್ಕದ ಮಣ್ಣು ಉಬ್ಬಿ ಮೇಲೇಳುವಾಗ ಪಿಲ್ಲರನ್ನು ಹಿಡಿದೆತ್ತದೆ ಹಾಳೆಯ ಮೇಲೆ ಜಾರಲಿ ಅಂತ. ತೆಗೆದ ಎರೆಮಣ್ಣನ್ನು ವಾಪಸ್ ಹಾಕಲಿಲ್ಲ, ಗರಸು ತರಿಸಿ ಅರ್ಧರ್ಧ ಅಡಿಗೆ ದಿಮ್ಮಸು ಹೊಡೆದೆವು. ಎರೆಯ ನಡುವಿನ ಗರಸು ಬಾವಿಯಂತೆ ನೀರು ತುಂಬಿಕೊಳ್ಳುತ್ತದೆ, ಅದಕ್ಕೆ ಶೆಡ್ಡಿನ ಸುತ್ತ ಮೂರು ಅಡಿ ಅಗಲ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಸಿದೆ. ಗೋಡೆ ಹೊರುವ ಬೀಮಿನ ಕೆಳಗೆ ಮೂರು ಇಂಚು ಖಾಲಿ ಬಿಟ್ಟಿದ್ದೇನೆ, ಮಣ್ಣು ಉಬ್ಬಲು ಅಲ್ಲಿ ಜಾಗ ಇರಲಿ ಅಂತ.

ಶೀಟು ಹಾಕುವ ಮೊದಲು ಆರೂ ಪಿಲ್ಲರಿನ ಮೇಲೆ ಒಂದೇ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದಿದ್ದೆ. ಮಳೆಗಾಲ ಕಳೆದ ಮೇಲೆ ಅಕ್ಟೋಬರ್‌ನಲ್ಲಿ ಮತ್ತೆ ಮಟ್ಟದ ಪೈಪು ಹಿಡಿದೆವು. ಒಂದು ತುದಿ ಮಗನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಐದು ಗೆರೆಗೆ ನೀರು ಸರಿಯಾಗಿ ಬಂದು ನಿಂತಿತು. ಆರನೆಯದು, ಸುಟ್ಟ ಆಯಿಲ್ ಹಚ್ಚಿ ಹಾಕಿದ ಆ ಮೊದಲನೆಯದು, ಗೆರೆಯ ದಪ್ಪದಷ್ಟು ಕೆಳಗಿತ್ತು. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹಿಡಿಯಬೇಕು.