ಹಳೆಯ ಇಎಸ್-175ನ್ನು ಜಾಜ್‌ಗೆ ಹದ ಮಾಡಿಕೊಂಡಿದ್ದು

ಪ್ಲೈವುಡ್ ಗಿಟಾರ್‌ಗೆ ಇಷ್ಟೊಂದು ದುಡ್ಡಾ ಅಂತ ಕೇಳುವವರು ಈಗಲೂ ಸಿಗುತ್ತಾರೆ. ಗಿಬ್ಸನ್ ಕಂಪನಿಯ ಟೊಳ್ಳು ಮೈಯ ಎಲೆಕ್ಟ್ರಿಕ್ ಗಿಟಾರ್ ಇಎಸ್-175ರ ಮೈ ಪದರ ಪದರವಾಗಿ ಅಂಟಿಸಿ ಒತ್ತಿದ ಮೇಪಲ್, ನಿಜ. ನನ್ನ ಪ್ರಕಾರ ಅದರ ಗುಣ ಇರುವುದೇ ಅಲ್ಲಿ. ಕೆತ್ತಿದ ಸ್ಪ್ರೂಸ್ ಹಲಗೆ ಧಾರಾಳವಾಗಿ ಅದುರುತ್ತದೆ, ಆಂಪ್ (ದನಿವರ್ಧಕ) ಪಕ್ಕ ಕೂತರೆ ಅದರ ಸದ್ದಿಗೇ ಮತ್ತೆ ಅದುರಿ ಅಷ್ಟೇ ಬೇಗ ಊಳಿಡುತ್ತದೆ. ಪದರದ ಹಲಗೆ ಬಿಗಿ. ಸ್ವರ ಟಕ್ಕನೆ ಎದ್ದು, ದುಂಡಗೆ ನಿಂತು, ಬೇಗ ಆರುತ್ತದೆ. ಕಾರ್ಡ್‌ಗಳು ಒಂದರ ಹಿಂದೊಂದು ಬದಲಾಗುವಾಗ ಬೇಕಾದ್ದು ಅದೇ. 1949ರಲ್ಲಿ ಮಿಶಿಗನ್‌ನ ಕಲಮಜೂ ಕಾರ್ಖಾನೆಯಿಂದ ಹೊರಬಂದಾಗ ಇದರ ಬೆಲೆ 175 ಡಾಲರ್. ಜಾಜ್ ಗಿಟಾರ್ ವಾದಕರಾದ ಹರ್ಬ್ ಎಲ್ಲಿಸ್, ಜಿಮ್ ಹಾಲ್, ಜೋ ಪಾಸ್, ಪ್ಯಾಟ್ ಮೆಥೆನಿ ಎಲ್ಲರ ಕೈಯಲ್ಲೂ ಓಡಾಡಿದೆ.

ನಾನಿರುವುದೂ ಮಿಶಿಗನ್‌ನಲ್ಲೇ, ಡೆಟ್ರಾಯಿಟ್ ಹತ್ತಿರ. ನನ್ನದು ಅರವತ್ತರ ದಶಕದ ಗಿಟಾರ್, ಎರಡು ಹಂಬಕರ್, ಅಂದರೆ ತಂತಿಯ ಅದುರನ್ನು ವಿದ್ಯುತ್ ಸಂಕೇತವಾಗಿಸುವ ಜೋಡಿ ಸುರುಳಿಯ ಪಿಕಪ್. ಕೊಂಡಾಗ ತೆಳ್ಳನೆಯ ರೌಂಡ್‌ವೂಂಡ್ (ದುಂಡು ಎಳೆ ಸುತ್ತಿದ) ತಂತಿ ಹಾಕಿತ್ತು, ಬೆರಳು ಜಾರಿಸಿದರೆ ಕೀರಲು ಸದ್ದು. ಮೂರನೇ ತಂತಿ ಸುತ್ತಿಲ್ಲದ್ದು. ಎಷ್ಟು ಶ್ರುತಿ ಮಾಡಿದರೂ ಮೇಲಿನ ಫ್ರೆಟ್‌ಗಳಲ್ಲಿ (ಕತ್ತಿನ ಅಡ್ಡ ಪಟ್ಟಿಗಳಲ್ಲಿ) ಸ್ವರ ಏರುತ್ತಿತ್ತು. ಏರದೆ ಇನ್ನೇನು? ತಂತಿಗಳನ್ನು ಹೊರುವ ಈ ರೋಸ್‌ವುಡ್ ಬ್ರಿಜ್‌ನ ಮೆಟ್ಟಿಲು ಕೆತ್ತಿರುವುದೇ ಸುತ್ತಿದ ಮೂರನೇ ತಂತಿಯ ಲೆಕ್ಕಕ್ಕೆ. ಹಾಗಾಗಿ 12–52ರ (ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಫ್ಲಾಟ್‌ವೂಂಡ್, ಅಂದರೆ ಚಪ್ಪಟೆ ಎಳೆ ಸುತ್ತಿದ ನುಣುಪು ತಂತಿಯ ಸೆಟ್ ತರಿಸಿದೆ.

ಇದರ ಬ್ರಿಜ್ ಅಂಟಿಸಿದ್ದಲ್ಲ. ಪಿಟೀಲಿನ ಕುದುರೆಯಂತೆ ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ಎಲ್ಲ ತಂತಿ ಬಿಚ್ಚಿದರೆ ಕೈಗೇ ಬರುತ್ತದೆ. ಅದರ ಜಾಗಕ್ಕೆ ಮೊದಲೇ ಟೇಪ್ ಗುರುತು ಹಾಕಿಕೊಂಡೆ. ಮಾಮೂಲಿ ಟೇಪ್ ಬೇಡ, ಹಳೆಯ ಲ್ಯಾಕರ್ ಕಿತ್ತು ಬರುತ್ತದೆ. ಅಂಟು ಕಮ್ಮಿಯಿರುವ ಪೇಂಟರ್ ಟೇಪ್, ಅದೂ ಕೆಲಸ ಮುಗಿದ ಕೂಡಲೇ ತೆಗೆದುಬಿಡಬೇಕು. ಬ್ರಿಜ್‌ನ ಬುಡ ಹಲಗೆಯ ಉಬ್ಬಿಗೆ ಸರಿಯಾಗಿ ಕೂತಿರಲಿಲ್ಲ, ಬೇಸ್ ತಂತಿಗಳ ಕಡೆಯ ಮೂಲೆಯಡಿ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು. ಅದೇ ಜಾಗದಲ್ಲಿ ಸ್ಯಾಂಡ್‌ಪೇಪರನ್ನು ಒರಟು ಮುಖ ಮೇಲಾಗಿ ಹಾಸಿ, ಬುಡವನ್ನು ಬ್ರಿಜ್ ನಿಲ್ಲುವ ದಿಕ್ಕಿನಲ್ಲೇ ಹಿಡಿದು ಮೆಲ್ಲಗೆ ಉಜ್ಜಿದೆ. ಸಂದು ಮುಚ್ಚಿದ ಮೇಲೆ ಬೇಸ್ ತಂತಿಗಳ ದನಿಗೆ ತೂಕ ಬಂತು. ಪಿಕಪ್ ಬದಲಿಸಿದ್ದರೂ ಇಷ್ಟು ಫರಕಾಗುತ್ತಿರಲಿಲ್ಲ ಅನಿಸುತ್ತದೆ.

ಸ್ಕೇಲ್, ಅಂದರೆ ತಂತಿ ಅದುರುವ ಉದ್ದ, 24¾ ಇಂಚು. ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ಗೆ 12⅜ ಇಂಚು, ಅಲ್ಲಿಂದ ಬ್ರಿಜ್‌ಗೆ ಅದಕ್ಕಿಂತ ಕೂದಲೆಳೆ ಹೆಚ್ಚು. ಹೊಸ ತಂತಿಯನ್ನು ಪೂರ್ತಿ ಶ್ರುತಿಗೆ ಬಿಗಿಸಿ, 12ನೇ ಫ್ರೆಟ್ ಮೇಲೆ ಬೆರಳು ಸುಮ್ಮನೆ ಸೋಕಿಸಿ ನುಡಿಸಿದ ಹಾರ್ಮೋನಿಕ್ಕನ್ನೂ ಅಲ್ಲೇ ಒತ್ತಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸುತ್ತಾ ಹೋದೆ. ಒತ್ತಿದ್ದು ಏರಿದರೆ ಬ್ರಿಜ್ ಟೇಲ್‌ಪೀಸ್ (ತಂತಿಯ ಬಾಲದ ತುದಿ ಸಿಕ್ಕಿಸುವ ತುಂಡು) ಕಡೆಗೆ, ಇಳಿದರೆ ಕತ್ತಿನ ಕಡೆಗೆ. ಪ್ರತಿ ಸಲ ಸರಿಸಿದಾಗಲೂ ಮತ್ತೆ ಶ್ರುತಿ ಮಾಡಬೇಕು, ತಾಳ್ಮೆ ಬೇಕು. ದಪ್ಪ ತಂತಿಯ ಎಳೆತಕ್ಕೆ ಕತ್ತು ಸ್ವಲ್ಪ ಬಾಗಿತ್ತು; ಕತ್ತಿನೊಳಗಿನ ಲೋಹದ ಕಂಬಿ ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿ ರಾತ್ರಿಯಿಡೀ ಬಿಟ್ಟೆ. ಚಳಿಗಾಲದಲ್ಲಿ ಹೀಟರ್ ಗಾಳಿಗೆ ಕತ್ತು ಮತ್ತೆ ಅಲುಗಾಡುತ್ತದೆ, ಹಾಗಾಗಿ ಕೇಸಿನೊಳಗೆ ತೇವಾಂಶ ಶೇಕಡಾ 45–50ರ ಆಸುಪಾಸು ಕಾಯುತ್ತೇನೆ.

ಆಂಪ್ ವಿಷಯದಲ್ಲಿ ಹೆಚ್ಚೇನಿಲ್ಲ. ಕತ್ತಿನ ಕಡೆಯ ಪಿಕಪ್ ಒಂದೇ, ಟೋನ್ ಗುಂಡಿ ನಾಲ್ಕಕ್ಕೆ. ಪೂರ್ತಿ ಇಳಿಸಿದರೆ ಕಂಬಳಿ ಹೊದ್ದ ದನಿ, ಅದನ್ನೇ ಜಾಜ್ ಅಂದುಕೊಂಡವರೂ ಇದ್ದಾರೆ. ಡ್ರಮ್ಸ್ ಜೊತೆ ನುಡಿಸುವ ದಿನ ಗಿಟಾರ್ ಊಳಿಡದಂತೆ ಎಫ್-ಹೋಲ್‌ಗಳಿಗೆ (ಹಲಗೆಯ ಎಫ್ ಆಕಾರದ ತೂತುಗಳಿಗೆ) ಫೋಮ್ ತುರುಕಿ, ಆಂಪ್‌ನ ಬೇಸ್ ತಗ್ಗಿಸಿ, ಅದಕ್ಕೆ ಎದುರಾಗಿ ನಿಲ್ಲದೆ ಪಕ್ಕಕ್ಕೆ ಸರಿಯುತ್ತೇನೆ.