ರೋಡ್ ಬೈಕ್‌ನಲ್ಲೇ ಕೊಂಕಣ: ಮುಳಶಿ ಕೆರೆಯಿಂದ ತೇರೆಖೋಲ್‌ವರೆಗೆ

ಕೊಂಕಣ ಕರಾವಳಿಯನ್ನು ಸಣಕಲು ಟೈರಿನ ಗೇರ್ ಸೈಕಲ್ಲಿನಲ್ಲಿ, ಅಂದ್ರೆ ಸಾದಾ ರೋಡ್ ಬೈಕ್‌ನಲ್ಲಿ, ಹಿಂದೆ ಗಾಡಿ ಇಲ್ಲದೆ, ಬೆನ್ನಿಗೆ ಚೀಲ ಇಲ್ಲದೆ ಮುಗಿಸಬಹುದು ಅಂತ ನಾನು ಬಹಳ ದಿನದಿಂದ ಹೇಳುತ್ತಾ ಬಂದಿದ್ದೆ. ಪುಣೆಯ ನಮ್ಮ ಕನ್ನಡದ ಸೈಕಲ್ ಬಳಗದಲ್ಲಿ ಒಬ್ಬರೂ ಒಪ್ಪಿರಲಿಲ್ಲ. "ಏನಪಾ, ಹುಚ್ಚು ಹಿಡದದೇನು ನಿನಗ? ಆ ರಸ್ತೆಗೆ ದಪ್ಪ ಟೈರಿನ ಮೌಂಟನ್ ಬೈಕ್ ಬೇಕು, ಇಲ್ಲಾ ಹಿಂದೊಂದು ಕಾರ್ ಬೇಕು" ಅಂದವರು 600 ಕಿ.ಮೀ. ಬ್ರೆವೆ (ಗಡುವಿನೊಳಗೆ ಮುಗಿಸುವ ದೂರದ ಸವಾರಿ) ಮುಗಿಸಿದ ಹಿರಿಯರು, ಸುಮ್ನೆ ಮಾತಾಡುವವರಲ್ಲ. ಹೋದ ಜನವರಿಯಲ್ಲಿ ಪುಣೆಯಿಂದ ಹೊರಟು ಗೋವಾದ ಕೇರಿಯಲ್ಲಿ ಇಳಿದೆ. 600 ಕಿ.ಮೀ. ಆಸುಪಾಸು ಆಯ್ತು. ಏರು ಎಂಟು ಸಾವಿರ ಮೀಟರ್ ದಾಟಿತ್ತು. ಪಂಕ್ಚರ್ ಒಂದೇ. ಸ್ವಲ್ಪ ಜಂಬ ಕೊಚ್ಚಿಕೊಂಡರೆ ಬೇಜಾರಾಗಬೇಡಿ.

ದಾರಿ ನಿಮಗೆ ಗೊತ್ತಿರುವುದೇ. ಪಿರಂಗುಟ್, ಪೌಡ್, ಮುಳಶಿ ಕೆರೆಯ ಅಂಚು, ತಾಮ್ಹಿಣಿ ಘಾಟ್ ಇಳಿದು ಮಾಣಗಾಂವ್. ಅಲ್ಲಿಂದ ಮ್ಹಸಳಾ, ಶ್ರೀವರ್ಧನ, ಹರಿಹರೇಶ್ವರ. ಆಮೇಲೆ ಫೆರಿ ಹಿಡಿದು ಹಿಡಿದು ಆಂಜರ್ಲೆ, ದಾಪೋಲಿ, ಗುಹಾಗರ, ಗಣಪತಿಪುಳೆ, ರತ್ನಾಗಿರಿ, ಮಾಲ್ವಣ, ವೆಂಗುರ್ಲಾ. ಮುಂಬೈ–ಗೋವಾ ಹೆದ್ದಾರಿಯನ್ನು ಮಾಣಗಾಂವ್‌ನಲ್ಲಿ ಅಡ್ಡ ದಾಟಿದ್ದಷ್ಟೇ, ಅದರ ಮೇಲೆ ಹೋಗಲಿಲ್ಲ.

ಸಮುದ್ರದ ದಂಡೆ ಅಂದ್ರೆ ಸಪಾಟು ಅಂದುಕೊಂಡು ಹೊರಡುವವರೇ ಜಾಸ್ತಿ. ಅಲ್ಲೇ ಎಲ್ಲರೂ ಸೋಲುವುದು. ಸಹ್ಯಾದ್ರಿಯಿಂದ ಇಳಿದ ಒಂದೊಂದು ನದಿಯೂ ಕೆಂಪು ಜಂಬಿಟ್ಟಿಗೆಯ ಬಯಲನ್ನು ಸೀಳಿಕೊಂಡು ಸಮುದ್ರ ಸೇರುತ್ತದೆ. ರಸ್ತೆ ಪ್ರತಿ ಅಳಿವೆಗೂ ನೀರಿನ ಮಟ್ಟಕ್ಕೆ ಇಳಿಯುತ್ತದೆ, ಮತ್ತೆ ನೂರು ನೂರೈವತ್ತು ಮೀಟರ್ ಏರುತ್ತದೆ. ಸಿಂಹಗಡದ ಏರು ಒಂದೇ ಸಲ ಮುಗಿಯುತ್ತದೆ, ಮೇಲೆ ಪಿಠ್ಲ ಭಾಕರಿ ತಿಂದು ಇಳಿದು ಬರಬಹುದು. ಕೊಂಕಣದ ಏರು ಸಾಲದ ಕಂತಿನ ಹಾಗೆ, ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. 80 ಕಿ.ಮೀ.ಗೆ 1,200 ಮೀಟರ್ ಅಂತ ಲೆಕ್ಕ ಹಿಡಿಯಿರಿ. ಎಷ್ಟೋ ಕಡೆ ಹತ್ತು ಪರ್ಸೆಂಟ್ ಮೀರಿದ ತಿರುವುಗಳಿವೆ.

ಹಾಗಾಗಿ ದುಡ್ಡು ಮೊದಲು ಹೋದದ್ದು ಗೇರಿಗೆ. ನನ್ನ ಸೈಕಲ್ಲಿನಲ್ಲಿ ಮುಂದೆ 50-34, ಹಿಂದೆ 11-28 ಹಲ್ಲಿನ ಗೇರ್ ಇತ್ತು. ಮೊದಮೊದಲ ಪ್ರಯತ್ನಗಳಲ್ಲಿ ದಾಪೋಲಿ ಮುಟ್ಟುವಷ್ಟರಲ್ಲೇ ಮೊಣಕಾಲು ಕೈಕೊಡುತ್ತಿತ್ತು, ಬಸ್ ಹತ್ತಿ ವಾಪಸ್. ಹಿಂದಿನದನ್ನು 11-34 ಮಾಡಿಸಿದೆ. ಚೈನನ್ನು ಗೇರಿಂದ ಗೇರಿಗೆ ಸರಿಸುವ ಹಳೆಯ ಡಿರೇಲರ್‌ಗೆ ಅದು ಕೂರಲಿಲ್ಲ, ಉದ್ದ ಕೇಜ್‌ನದು ತರಬೇಕಾಯಿತು. ಕ್ಯಾಸೆಟ್ (ಹಿಂದಿನ ಗೇರಿನ ಗೊಂಚಲು), ಡಿರೇಲರ್, ಹೊಸ ಚೈನ್ ಎಲ್ಲಾ ಸೇರಿ ಏಳೆಂಟು ಸಾವಿರ. ಮುಂದೆ 34, ಹಿಂದೆ 34, ಅಲ್ಲಿಗೆ ಒಂದಕ್ಕೊಂದು, ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. "ಇದು ರೋಡ್ ಬೈಕೋ, ಹಾಲಿನವನ ಸೈಕಲ್ಲೋ?" ಅಂತ ಬಳಗದವರು ನಕ್ಕರು. ನಗಲಿ. ಮಾಣಗಾಂವ್‌ನಿಂದ ಕೇರಿವರೆಗೆ ಒಂದು ಕಡೆಯೂ ಇಳಿದು ತಳ್ಳಲಿಲ್ಲ.

ಎರಡನೆಯ ಖರ್ಚು ಟೈರು. 25 ಎಂಎಂ ಟೈರಿಗೆ ನೂರು ಪಿಎಸ್ಐ ಗಾಳಿ ಹೊಡೆದು ಹೋದರೆ ಕೇಳಶಿ ಕಡೆಯ ಒಡೆದ ಡಾಂಬರಿನಲ್ಲಿ ಕೈ ಮರಗಟ್ಟುತ್ತದೆ, ಗಾಳಿ ಇಳಿಸಿದರೆ ಟ್ಯೂಬ್ ಕಚ್ಚಿಕೊಂಡು ಎರಡು ತೂತು. ಒಮ್ಮೆ ಒಂದೇ ಮಧ್ಯಾಹ್ನದಲ್ಲಿ ಇದ್ದ ಟ್ಯೂಬೆಲ್ಲಾ ಖಾಲಿಯಾಗಿ, ಟೆಂಪೋದಲ್ಲಿ ಮೀನಿನ ಬುಟ್ಟಿಗಳ ಜೊತೆ ದಾಪೋಲಿ ಸೇರಿದ್ದೆ. ನನ್ನ ಫ್ರೇಮಿನಲ್ಲಿ 32 ಎಂಎಂ ಹಿಡಿಯುವುದಿಲ್ಲ ಅಂತ ಅಂಗಡಿಯವನು ಕಡ್ಡಿ ಮುರಿದ ಹಾಗೆ ಹೇಳಿದ. ಹಿಡಿಯಿತು. ಫೋರ್ಕ್ ಮತ್ತು ಟೈರಿನ ನಡುವೆ ಒಂದು ಅಲೆನ್ ಕೀ ತೂರುವಷ್ಟು ಜಾಗ ಉಳಿಯಿತು, ಅಷ್ಟು ಸಾಕು. ಟ್ಯೂಬ್‌ಲೆಸ್ ಮಾಡಿಸಿ ಹಿಂದೆ 60, ಮುಂದೆ 55 ಪಿಎಸ್ಐ. ನನ್ನ ತೂಕ ಎಪ್ಪತ್ತು ಚಿಲ್ಲರೆ ಕೆ.ಜಿ., ಗಾಳಿ ಅದಕ್ಕೆ ತಕ್ಕಷ್ಟು. ತೂತು ಮುಚ್ಚುವ ದ್ರವ, ಸೀಲಂಟ್, ಮಾತ್ರ ಅಂಗಡಿಯದಲ್ಲ, ಮನೆಯಲ್ಲೇ ಕಲಸಿದ್ದು. ಲ್ಯಾಟೆಕ್ಸ್ ಇದೆ, ಇನ್ನೊಂದೆರಡು ವಸ್ತು ಇವೆ. ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅಮೋನಿಯಾ ವಾಸನೆಗೆ ಮನೆಯವಳು ಎರಡು ದಿನ ಬಾಲ್ಕನಿ ಬಾಗಿಲು ತೆಗೆಯಲಿಲ್ಲ ಅನ್ನುವುದಷ್ಟೇ ಹೇಳುತ್ತೇನೆ.

ಮೂರನೆಯದಕ್ಕೆ ದುಡ್ಡೇ ಬೇಡ, ಆದರೆ ಯಾರೂ ನಂಬಲಿಲ್ಲ. ಗಾಳಿ. ಚಳಿಗಾಲದಲ್ಲಿ ಬೆಳಿಗ್ಗೆ ಗಾಳಿ ನೆಲದಿಂದ ಸಮುದ್ರದ ಕಡೆಗೆ, ಅದೂ ಮೆಲ್ಲಗೆ. ಮಧ್ಯಾಹ್ನದ ಮೇಲೆ ಸಮುದ್ರದಿಂದ ಬೀಸುತ್ತದೆ, ಹೆಚ್ಚಾಗಿ ವಾಯವ್ಯದಿಂದ. ಅಂದ್ರೆ ಉತ್ತರದಿಂದ ದಕ್ಷಿಣಕ್ಕೆ ಹೋಗುವವನಿಗೆ ಸಂಜೆ ಗಾಳಿ ಹಿಂದಿನಿಂದ ತಳ್ಳುತ್ತದೆ. ಗೋವಾಕ್ಕೆ ರೈಲಿನಲ್ಲಿ ಹೋಗಿ ಅಲ್ಲಿಂದ ಪುಣೆಗೆ ತುಳಿಯುತ್ತೇವೆ ಅನ್ನುವವರಿಗೆ ಮೂತಿಗೆ ಬಡಿಯುತ್ತದೆ. ನಮ್ಮ ಬಳಗದ ಇಬ್ಬರು ಹಾಗೆ ಹೊರಟು ದೇವಗಡದಲ್ಲೇ ಕೈಬಿಟ್ಟರು. ನಾನು ಬೆಳಕು ಹರಿಯುವ ಮೊದಲೇ ಆರಕ್ಕೆ ಲೈಟು ಹಾಕಿಕೊಂಡು ಹೊರಡುತ್ತಿದ್ದೆ. ಹನ್ನೊಂದೂವರೆಗೆ ಊಟ, ನಿದ್ದೆ. ಮೂರೂವರೆಗೆ ಮತ್ತೆ ಸವಾರಿ. ದಿನಕ್ಕೆ ಎಂಬತ್ತು ತೊಂಬತ್ತು ಕಿ.ಮೀ.ಗಿಂತ ಜಾಸ್ತಿ ಇಲ್ಲ. ಮೊದಲ ದಿನ ಮಾತ್ರ ಮಾಣಗಾಂವ್‌ವರೆಗೆ ನೂರು ದಾಟುತ್ತದೆ. ಬ್ರೆವೆಯವರಿಗೆ ಇದು ಅವಮಾನ. ಆದರೆ ಅವರು ಆಂಜರ್ಲೆಯಲ್ಲಿ ಮೋದಕ ತಿಂದಿಲ್ಲ, ನಾನು ತಿಂದಿದ್ದೇನೆ.

ತಯಾರಿ ಎಲ್ಲಾ ಪುಣೆಯ ಕೆರೆಗಳ ಸುತ್ತ. ಖಡಕ್‌ವಾಸ್ಲಾ ದಾಟಿ ಪಾನ್‌ಶೇತ್ ರಸ್ತೆ ಲಯಕ್ಕೆ ಒಳ್ಳೆಯದು. ನೀರಿನ ಪಕ್ಕ ಪಕ್ಕ, ಏರಿಳಿತ ಹದವಾಗಿ. 1961ರ ಜುಲೈ 12ರಂದು ಒಡೆದು ಪುಣೆಯನ್ನು ಮುಳುಗಿಸಿದ್ದು ಈ ಪಾನ್‌ಶೇತ್ ಅಣೆಕಟ್ಟೇ. ಈಗ ಅದರ ದಾರಿಯಲ್ಲಿ ಭಾನುವಾರ ಭಜಿ ತಿನ್ನುವ ಕಾರುಗಳದ್ದೇ ಪ್ರವಾಹ, ಎಂಟರೊಳಗೆ ವಾಪಸ್ ಬನ್ನಿ. ಕಾಲು ಗಟ್ಟಿ ಮಾಡಿದ್ದು ಟೇಮ್‌ಘರ್ ಕಡೆಯಿಂದ ಲವಾಸಾ ಏರು. ಪವನಾ ಕೆರೆಯ ಸುತ್ತು ಚೆಂದ, ತಿಕೋನಾ ತುಂಗ್ ಕೋಟೆಗಳು ನೀರಿನಾಚೆ ಕಾಣುತ್ತವೆ. ಆದರೆ ಅಭ್ಯಾಸಕ್ಕೆ ನನಗೆ ಅಷ್ಟು ದಕ್ಕಲಿಲ್ಲ, ಫೋಟೋ ತೆಗೆಯುವುದೇ ಆಗುತ್ತದೆ. ನನಗೆ ಮೆಚ್ಚು ಮುಳಶಿಯೇ. 1921ರಲ್ಲಿ ಸೇನಾಪತಿ ಬಾಪಟರ ಜೊತೆ ರೈತರು ಸತ್ಯಾಗ್ರಹ ಮಾಡಿದ್ದು ಈ ಟಾಟಾ ಅಣೆಕಟ್ಟಿನ ವಿರುದ್ಧ. ಇದರ ನೀರು ಪುಣೆಗೆ ಬರುವುದಿಲ್ಲ, ಪಶ್ಚಿಮಕ್ಕೆ ಘಟ್ಟದ ಕೆಳಗೆ ಭಿರಾದಲ್ಲಿ ಕರೆಂಟಾಗುತ್ತದೆ. ನೀವೂ ಅದೇ ಕಡೆ ಇಳಿಯುತ್ತೀರಿ. ತಾಮ್ಹಿಣಿ ಇಳಿಜಾರಿನಲ್ಲಿ ರಿಮ್ ಬ್ರೇಕ್‌ನವರು ಒತ್ತಿ ಹಿಡಿಯಬೇಡಿ, ಬಿಟ್ಟು ಬಿಟ್ಟು ಹಿಡಿಯಿರಿ. ಮಳೆಗಾಲ ಮುಗಿದ ಕೂಡಲೇ ಹೋಗಲೂ ಬೇಡಿ, ಗುಂಡಿ ಮುಚ್ಚುವಷ್ಟರಲ್ಲಿ ಡಿಸೆಂಬರ್ ಬಂದಿರುತ್ತದೆ.

ಫೆರಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಾಗಮಾಂಡ್ಲಾದಿಂದ ವೇಶ್ವಿಗೆ ಸಾವಿತ್ರಿ ದಾಟುವುದು, ದಾಭೋಳದಿಂದ ಧೋಪಾವೆಗೆ ವಾಶಿಷ್ಠಿ, ತವಸಾಳದಿಂದ ಜಯಗಡಕ್ಕೆ ಶಾಸ್ತ್ರಿ. ಕೊನೆಗೆ ತೇರೆಖೋಲ್ ನದಿ, ಅದರಾಚೆ ಕೇರಿ. ಸೈಕಲ್ಲಿಗೆ ಹತ್ತು ಇಪ್ಪತ್ತು ರೂಪಾಯಿ, ಅಷ್ಟೇ. ಧೋಪಾವೆಯ ಕಥೆ ಕೇಳಿ. ಕಬ್ಬಿಣದ ಹಲಗೆ ಕೆಳಗಿಳಿಯುತ್ತದೆ. ಅದರ ಮೇಲೆ ಉಪ್ಪುನೀರು, ಡೀಸೆಲ್, ಪಾಚಿ. ಕ್ಲೀಟ್ (ಪೆಡಲ್ಲಿಗೆ ಕಚ್ಚಿಕೊಳ್ಳುವ ಶೂ ಅಡಿಯ ತುಂಡು) ಹಾಕಿದ ಕಾಲಿಟ್ಟರೆ ಜಾರಿ ಬೀಳುವುದು ಖಚಿತ. ಹಿಂದೆ ಬೈಕುಗಳು ಹಾರ್ನ್ ಹೊಡೆಯುತ್ತಿರುತ್ತವೆ. ಹಲಗೆ ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲೇ ಏರು, ಅದೂ ನೆಟ್ಟಗೆ. ಅರ್ಧ ಗಂಟೆ ಕೂತು ತಣ್ಣಗಾದ ಕಾಲು, ಭಾರದ ಗೇರಿನಲ್ಲೇ ನಿಂತ ಚೈನು. ಅಲ್ಲಿ ಗೇರ್ ಬದಲಿಸಲು ಹೋಗಿ ಚೈನ್ ಉದುರಿಸಿಕೊಂಡವರನ್ನು ಕಂಡಿದ್ದೇನೆ. ಅದಕ್ಕೇ ಜೆಟ್ಟಿಗೆ ಇಳಿಯುವ ಕೊನೆಯ ಇನ್ನೂರು ಮೀಟರಿನಲ್ಲೇ ಅತಿ ಹಗುರ ಗೇರಿಗೆ ತಂದು, ಸುಮ್ನೆ ಕಾಲು ತಿರುಗಿಸುತ್ತಾ ಫೆರಿ ಹತ್ತುವುದು. ಕ್ಲೀಟ್ ಮೇಲೆ ಹಳೆಯ ಕಾಲ್ಚೀಲ ಎಳೆದುಕೊಳ್ಳುವುದು. ಆಚೆ ದಡದಲ್ಲಿ ಕಾರುಗಳೆಲ್ಲಾ ಹೋಗಲಿ, ಕೊನೆಗೆ ನೀವು.

ಚೈನಿನ ಮೇಲೂ ಒಂದು ಪ್ರಯೋಗ ಮಾಡಿದೆ. ಎಣ್ಣೆ ಬದಲು ಪ್ಯಾರಾಫಿನ್ ಮೇಣ ಕರಗಿಸಿ ಅದರಲ್ಲಿ ಅದ್ದಿದ್ದು. ಪುಣೆಯಲ್ಲಿ 300 ಕಿ.ಮೀ. ಸದ್ದಿಲ್ಲದೆ ಓಡಿತು. ಕೊಂಕಣದಲ್ಲಿ ಗಣಪತಿಪುಳೆ ಬರುವಷ್ಟರಲ್ಲಿ ಕಿರ್ ಕಿರ್. ಇಬ್ಬನಿ, ಉಪ್ಪುಗಾಳಿ, ರಾತ್ರಿ ಹೊರಗೆ ನಿಲ್ಲಿಸಿದ್ದು, ಯಾವುದರಿಂದಲೋ ಕೊಂಡಿಗಳ ಮೇಲೆ ಕೆಂಪು ಪುಡಿ. ರತ್ನಾಗಿರಿಯಲ್ಲಿ ಹೊಲಿಗೆ ಮಷೀನಿನ ಎಣ್ಣೆ ಕೊಂಡು ಹಚ್ಚಿದೆ, ಮೂವತ್ತು ರೂಪಾಯಿ. ಅದೇ ಕೇರಿವರೆಗೆ ಬಂತು. ಎಲೆಕ್ಟ್ರೋಲೈಟ್ ಪುಡಿಯನ್ನೂ ಬಿಟ್ಟೆ. ಊರೂರಲ್ಲಿ ಸಿಗುವ ಉಪ್ಪು ಹಾಕಿದ ಕೋಕಂ ಆಗಳ (ಮುರುಗಲ ಹಣ್ಣಿನ ಗಟ್ಟಿ ರಸ) ಬಾಟಲಿಗೆ ಎರಡು ಚಮಚ, ಚೂರು ಬೆಲ್ಲ. ಮೀನಖಂಡ ಹಿಡಿದುಕೊಳ್ಳಲಿಲ್ಲ.

ಆರೆ–ವಾರೆ ರಸ್ತೆಯನ್ನು ಮಾತ್ರ ಸಂಜೆಗೇ ಇಟ್ಟುಕೊಳ್ಳಿ. ಗಣಪತಿಪುಳೆಯಿಂದ ರತ್ನಾಗಿರಿಗೆ ಹೋಗುವಾಗ ಬಲಕ್ಕೆ ಸಮುದ್ರ ಕಾಲ ಕೆಳಗೇ ಬರುತ್ತದೆ. ಆಂಜರ್ಲೆ ಹತ್ತಿರ ದೊಡ್ಡ ಏರು ತಪ್ಪಿಸುವ ಒಂದು ಒಳದಾರಿ ಇದೆ. ಅದನ್ನು ಹೇಳುವುದಿಲ್ಲ, ನಾಳೆ ಎಲ್ಲರೂ ಕಾರು ತರುತ್ತಾರೆ.

ಖರ್ಚು: ಮನೆಗಳಲ್ಲಿ ಕೋಣೆಗೆ 800ರಿಂದ 1,200, ಊಟ ತಿಂಡಿಗೆ ದಿನಕ್ಕೆ ಐನೂರು. ಗಾಡಿಗೆ ಹಾಕಿದ್ದು ಬಿಟ್ಟರೆ ಹದಿಮೂರು ಹದಿನಾಲ್ಕು ಸಾವಿರದಲ್ಲಿ ಮುಗಿಯಿತು. ಮುಂಬೈಯವರಿಗೆ ಇನ್ನೂ ಸಲೀಸು. 2020ರಿಂದ ಭಾವುಚಾ ಧಕ್ಕಾದಿಂದ ಮಾಂಡ್ವಾಗೆ ರೋ-ರೋ ಹಡಗಿದೆ. ಅಲಿಬಾಗ್, ಮುರುಡ್ ದಾಟಿ ಅಗರದಾಂಡಾ–ದಿಘಿ ಫೆರಿ ಹಿಡಿದರೆ ದಿವೇಆಗರದ ಮೇಲೆ ಹಾದು ಶ್ರೀವರ್ಧನದಲ್ಲಿ ನಮ್ಮ ದಾರಿಗೇ ಬಂದು ಸೇರುತ್ತೀರಿ.

ವಾಪಸ್ ಬರುವಾಗ ಒಂದು ಖಾಸಗಿ ಸ್ಲೀಪರ್ ಬಸ್ಸಿನವರು ಸೈಕಲ್ಲಿಗೆ ಐನೂರು ತೆಗೆದುಕೊಂಡು, ಅದರ ಮೇಲೆ ಗೋಡಂಬಿ ಚೀಲ ಹೇರಿ, ಹಿಂದಿನ ಡಿರೇಲರ್ ತೂಗುವ ಹ್ಯಾಂಗರ್ ಬಗ್ಗಿಸಿಕೊಟ್ಟರು. ಸ್ಪೇರ್ ಹ್ಯಾಂಗರ್ ಆರೇಳುನೂರು, ಬರೀ ಎರಡು ಬೆರಳಿನಷ್ಟು ಅಗಲ, ಜೇಬಿನಲ್ಲಿರಲಿ. ಡಿಕ್ಕಿಗೆ ಹಾಕುವಾಗ ಮುಂದಿನ ಚಕ್ರ ಬಿಚ್ಚಿ, ಚೈನ್ ಇರುವ ಬದಿ ಮೇಲೆ ಮಾಡಿ ಮಲಗಿಸಿ. ಕ್ಲೀನರ್ ಕೈಗೆ ನೇರವಾಗಿ ನೂರು ರೂಪಾಯಿ ಕೊಡಿ, ಎಲ್ಲಾ ಸಾಮಾನು ತುಂಬಿ ಬಾಗಿಲು ಹಾಕುವವರೆಗೂ ಅಲ್ಲಿಂದ ಕದಲಬೇಡಿ.