ಪುಚ್ಚೆ ಮರಿ ಬರುವ ಮೊದಲು ನಾವು ಮಾಡಿಕೊಂಡ ತಯಾರಿ

ಹೋದ ವರ್ಷ ದೀಪಾವಳಿ ಕಳೆದು ಒಂದು ವಾರಕ್ಕೆ ನಮ್ಮ ಮನೆಯ ಪುಚ್ಚೆ ಮರಿ, ಅಂದರೆ ಬೆಕ್ಕಿನ ಮರಿ, ಸತ್ತುಹೋಯಿತು. ಎರಡು ತಿಂಗಳಿನ ಮರಿ. ಬೆಳಗ್ಗೆ ಅಂಗಳದಲ್ಲಿ ಒಣಹಾಕಿದ ಅಡಿಕೆ ಉರುಳಿಸಿ ಆಡಿಕೊಂಡಿತ್ತು. ರಾತ್ರಿ ವಾಂತಿ ಶುರುವಾಯಿತು, ಮಾರನೆ ದಿನ ಭೇದಿ. ನೀರಿನ ಬಟ್ಟಲಿನ ಮುಂದೆ ತಲೆ ತಗ್ಗಿಸಿ ಕೂತಿತ್ತು, ಆದರೆ ಕುಡಿಯಲು ಆಗುತ್ತಿರಲಿಲ್ಲ. ಮೃಗಾಸ್ಪತ್ರೆಗೆ ಕೊಂಡುಹೋದೆವು. ಪ್ಯಾನ್‌ಲ್ಯುಕೋಪೀನಿಯಾ ಅನ್ನುವ ವೈರಸ್ ರೋಗ ಇರಬೇಕು, ತಡವಾಯಿತು ಅಂದರು ಡಾಕ್ಟರು. ವ್ಯಾಕ್ಸಿನ್ ಹಾಕಿಸಿದ್ದೀರಾ ಎಂದು ಕೇಳಿದರು. ಹಾಕಿಸಿರಲಿಲ್ಲ. ಬೆಕ್ಕಿಗೆ ವ್ಯಾಕ್ಸಿನ್ ಹಾಕಿಸಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ನಮ್ಮ ಕಡೆ ಬೆಕ್ಕಿಗೆ ಯಾರೂ ತಯಾರಿ ಮಾಡುವುದಿಲ್ಲ. ತಾನಾಗಿ ಬರುತ್ತದೆ, ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಮರಿ ಹಾಕುತ್ತದೆ. ಐದರಲ್ಲಿ ಒಂದೋ ಎರಡೋ ಉಳಿಯುತ್ತವೆ. ಉಳಿಯದವನ್ನು ಯಾರೂ ಲೆಕ್ಕ ಇಡುವುದಿಲ್ಲ. ಈ ಸಲ ಕಾಸರಗೋಡು ಜಿಲ್ಲೆಯ ಪೆರ್ಲದ ಗೆಳತಿಯ ಮನೆಯ ಬೆಕ್ಕು ಮರಿ ಹಾಕಿದೆ ಎಂದು ಗೊತ್ತಾದಾಗ ಮಗಳು ಹಠ ಹಿಡಿದಳು. ತರೋಣ, ಆದರೆ ಮನೆ ಸರಿ ಮಾಡಿದ ಮೇಲೆಯೇ ತರುವುದು ಅಂದೆ.

ಡಾಕ್ಟರು ಒಂದು ಮಾತು ಹೇಳಿದ್ದರು. ಆ ರೋಗದ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಜೀವಂತ ಇರಬಹುದಂತೆ. ನೆಲದ ಬಿರುಕಿನಲ್ಲಿ, ಗೋಣಿಯಲ್ಲಿ, ಬುಟ್ಟಿಯಲ್ಲಿ. ಸುಮ್ನೆ ಒರೆಸಿದರೆ ಹೋಗುವುದಿಲ್ಲ. ಫಿನಾಯಿಲ್ ಹಾಕಿ ಒರೆಸುವ ಅಭ್ಯಾಸ ನಮಗೆ ಮೊದಲಿನಿಂದಲೂ ಇದೆ, ಅಲ್ವಾ? ಈ ವೈರಸ್‌ಗೆ ಅದರ ಮೇಲೆ ನಂಬಿಕೆ ಇಡುವಂತಿಲ್ಲ. ಮೇಲಿಂದ ಬೆಕ್ಕಿಗೆ ಫಿನಾಯಿಲೇ ವಿಷ. ಒರೆಸಿದ ನೆಲದಲ್ಲಿ ನಡೆದು, ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ. ಅದನ್ನು ಕರಗಿಸಿ ಹೊರಗೆ ಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ.

ಹಾಗಾಗಿ ಮೊದಲ ಕೆಲಸ ಹಳೆಯದನ್ನು ತೆಗೆಯುವುದು. ಸತ್ತ ಮರಿ ಮಲಗುತ್ತಿದ್ದ ಗೋಣಿ, ಬುಟ್ಟಿ, ಅದರ ತಟ್ಟೆ ಎಲ್ಲವನ್ನೂ ಮನೆಯಿಂದ ಹೊರಗೆ ಹಾಕಿದೆ. ಆ ತಟ್ಟೆ ತೆಗೆಯುವಾಗ ಸಂಕಟವಾಯಿತು. ನೆಲವನ್ನು ಮೊದಲು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದೆ. ಕೊಳೆ ಇದ್ದರೆ ಬ್ಲೀಚ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಮೇಲೆ ಅಂಗಡಿಯಲ್ಲಿ ಸಿಗುವ ಬ್ಲೀಚ್ ದ್ರಾವಣ ಒಂದು ಪಾಲಿಗೆ 32 ಪಾಲು ನೀರು ಸೇರಿಸಿ ನೆಲಕ್ಕೆ ಹಾಕಿ, 10 ನಿಮಿಷ ಹಾಗೆಯೇ ಬಿಟ್ಟೆ. ಬೇರೆ ಯಾವ ಕ್ಲೀನರನ್ನೂ ಅದಕ್ಕೆ ಬೆರೆಸಬಾರದು, ಕೆಟ್ಟ ಹೊಗೆ ಏಳುತ್ತದೆ. ಕಿಟಕಿ ಪೂರ್ತಿ ತೆರೆದಿಟ್ಟಿದ್ದೆ. ಕೊನೆಗೆ ಎರಡು ಸಲ ಬರೀ ನೀರಿನಲ್ಲಿ ಒರೆಸಿದೆ. ನಮ್ಮ ರೆಡ್ ಆಕ್ಸೈಡ್ ನೆಲದ ಬಣ್ಣ ಒಂದೆರಡು ಕಡೆ ಮಂಕಾಯಿತು. ಆಗಲಿ.

ಇಷ್ಟು ಮಾಡಿದರೂ ಅಂಗಳ, ಕೊಟ್ಟಿಗೆ ಎಲ್ಲ ತೊಳೆಯಲು ಆಗುತ್ತದಾ? ಇಲ್ಲ. ಅದಕ್ಕೆ ಇರುವ ಒಂದೇ ದಾರಿ, ವ್ಯಾಕ್ಸಿನ್ ಹಾಕಿಸಿಯೇ ಮರಿಯನ್ನು ತರುವುದು. ಗೆಳತಿಯ ಹತ್ತಿರ ಮಾತಾಡಿದೆ. ಎಂಟು ವಾರಕ್ಕೆ ಮೊದಲ ಡೋಸ್, ಹನ್ನೆರಡು ವಾರಕ್ಕೆ ಎರಡನೆಯದು, ಜೊತೆಗೆ ರೇಬೀಸಿನದ್ದು. ಎರಡು ಸಲವೂ ನಾನೇ ಪೆರ್ಲಕ್ಕೆ ಹೋಗಿ ಮರಿಯನ್ನು ಡಾಕ್ಟರ ಹತ್ತಿರ ಕೊಂಡುಹೋದೆ. ಹುಳದ ಔಷಧವನ್ನೂ ತೂಕ ನೋಡಿ ಅವರೇ ಕೊಟ್ಟರು. ಎರಡನೆಯ ಡೋಸ್ ಆಗಿ ಒಂದು ವಾರ ಕಳೆದ ಮೇಲೆ ಮರಿ ನಮ್ಮಲ್ಲಿಗೆ ಬಂತು. ಮಗಳಿಗೆ ಅಷ್ಟು ದಿನ ಕಾಯುವುದು ಕಷ್ಟವಾಯಿತು. ಆದರೆ ಅಷ್ಟು ದಿನ ತಾಯಿಯ ಜೊತೆ ಇದ್ದ ಮರಿಗೆ ಕಚ್ಚದೆ ಆಡುವುದು, ಮಣ್ಣಿನಲ್ಲಿ ಗುಂಡಿ ತೋಡಿ ಮುಚ್ಚುವುದು ಎಲ್ಲ ಬರುತ್ತಿತ್ತು. ಅದನ್ನು ನಾವು ಕಲಿಸಬೇಕಾಗಲಿಲ್ಲ.

ಆ ಕಾಯುವ ವಾರಗಳಲ್ಲಿ ಮನೆಯನ್ನು ಒಂದೊಂದು ಮೂಲೆಯಾಗಿ ನೋಡಿದೆ. ಹೊಲಿಗೆ ಮೆಷಿನ್ ಇಟ್ಟಿರುವ ಸಣ್ಣ ಕೋಣೆ ಮರಿಗೆ ಅಂತ ಗೊತ್ತು ಮಾಡಿದ್ದೆ. ಹೊಸ ಮರಿಗೆ ಇಡೀ ಮನೆ ಒಟ್ಟಿಗೆ ಬಿಟ್ಟುಕೊಟ್ಟರೆ ಹೆದರಿ ಎಲ್ಲೋ ಸೇರಿಕೊಳ್ಳುತ್ತದೆ. ಒಂದು ಕೋಣೆ ಸಾಕು. ಆದರೆ ಆ ಕೋಣೆಯಲ್ಲೇ ನನ್ನ ಸೂಜಿ ನೂಲು ಎಲ್ಲ ಇದ್ದದ್ದು. ಬೆಕ್ಕಿನ ನಾಲಿಗೆಯನ್ನು ಹತ್ತಿರದಿಂದ ನೋಡಿದ್ದೀರಾ? ಸಣ್ಣ ಸಣ್ಣ ಮುಳ್ಳುಗಳಿವೆ, ಎಲ್ಲ ಗಂಟಲಿನ ಕಡೆಗೆ ಬಾಗಿರುತ್ತವೆ. ನೂಲು ಒಮ್ಮೆ ನಾಲಿಗೆಗೆ ಸಿಕ್ಕಿದರೆ ಉಗುಳಲು ಆಗುವುದಿಲ್ಲ, ಒಳಗೇ ಹೋಗುತ್ತದೆ. ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಬೇಕು. ಹಾಗಾಗಿ ನೂಲಿನ ಉಂಡೆಗಳೆಲ್ಲ ಮುಚ್ಚಳದ ಡಬ್ಬಕ್ಕೆ ಹೋದವು. ಮಲ್ಲಿಗೆ ಕಟ್ಟುವ ಬಾಳೆನಾರು ಕೂಡ. ಕಪಾಟಿನ ಹಿಂದೆ ಮೂರು ಬೆರಳು ಹೋಗುವಷ್ಟು ಸಂದು ಇತ್ತು, ಅಲ್ಲಿ ಹಲಗೆ ಇಟ್ಟು ಮುಚ್ಚಿದೆವು. ಕಿಟಕಿಗೆ ಜಾಲರಿ ಹೊಡೆಸಿದೆವು.

ಔಷಧದ ಡಬ್ಬ ಮೇಜಿನ ಮೇಲಿಂದ ಕಪಾಟಿನೊಳಗೆ ಹೋಯಿತು. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಜ್ವರ ಬಂದಿದೆ ಅಂತ ಪಾಪ ಕಂಡು ಚೂರು ಕೊಡುವವರೂ ಇದ್ದಾರೆ, ದಯವಿಟ್ಟು ಕೊಡಬೇಡಿ. ಬಟ್ಟೆಯ ನಡುವೆ ಇಡುವ ನುಸಿ ಗುಳಿಗೆಯನ್ನೂ ತೆಗೆದೆ.

ಇಲಿ ಪಾಷಾಣಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಅಟ್ಟದಲ್ಲಿ ಎಲ್ಲೆಲ್ಲಿ ಇಟ್ಟಿದ್ದಾರೆ ಎಂದು ಯಜಮಾನರಿಗೇ ನೆನಪಿರಲಿಲ್ಲ. ಟಾರ್ಚ್ ಹಿಡಿದು ಹತ್ತಿದವರು ಏಳು ಬಿಲ್ಲೆ ಕೆಳಗೆ ತಂದರು, ಅದರಲ್ಲಿ ಎರಡನ್ನು ಇಲಿ ಅರ್ಧ ತಿಂದಿತ್ತು. ಮರಿ ನೇರವಾಗಿ ತಿನ್ನದಿದ್ದರೂ ಪಾಷಾಣ ತಿಂದ ಇಲಿಯನ್ನು ಹಿಡಿದರೆ ಅದಕ್ಕೂ ಅಪಾಯ. ಈಗ ಅಟ್ಟದಲ್ಲಿ ಇಲಿಬೋನು ಇಟ್ಟಿದ್ದೇವೆ. ಕೊಟ್ಟಿಗೆಯಲ್ಲಿ ಹಸುವಿನ ಉಣ್ಣಿಗೆ ಹೊಡೆಯುವ ಔಷಧವೂ ಹಾಗೆಯೇ. ಪರ್ಮೆತ್ರಿನ್ ಜಾತಿಯ ಔಷಧ ಹಸುವಿಗೆ, ನಾಯಿಗೆ ತೊಂದರೆ ಇಲ್ಲ, ಬೆಕ್ಕಿಗೆ ನಡುಕ ಬಂದು ಜೀವವೇ ಹೋಗಬಹುದು. ಅದನ್ನು ಹೊಡೆದ ದಿನ ಕೊಟ್ಟಿಗೆ ಬಾಗಿಲು ಹಾಕಿಯೇ ಇರಬೇಕು ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟೆ.

ಇನ್ನು ನೀರು. ಬಾವಿಗೆ ಮೊದಲೇ ಬಲೆ ಇತ್ತು, ಹರಿದ ಕಡೆ ಕಟ್ಟಿದೆವು. ನೀರಿಗಾಗಿ ಗುಡ್ಡದ ಬುಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ನೀರು ಬಂದು ಬೀಳುವ ಟ್ಯಾಂಕಿಗೆ ಮುಚ್ಚಳ ಇಲ್ಲ. ಒಳಗಿನ ಗೋಡೆ ಪಾಚಿ ಕಟ್ಟಿ ಜಾರುತ್ತದೆ. ಬಿದ್ದ ಮರಿಗೆ ಹತ್ತಲು ಏನೂ ಇರಲಿಲ್ಲ. ಅಡಿಕೆ ಮರದ ಒಂದು ಸೀಳಿಗೆ ಹಗ್ಗ ಸುತ್ತಿ, ಒಂದು ತುದಿ ನೀರಿನೊಳಗೆ, ಇನ್ನೊಂದು ಟ್ಯಾಂಕಿಯ ಅಂಚಿನ ಮೇಲೆ ಬರುವ ಹಾಗೆ ಓರೆಯಾಗಿ ಕಟ್ಟಿದೆವು. ಮೊನ್ನೆ ಅದರಲ್ಲಿ ಒಂದು ಅಳಿಲು ಹತ್ತಿ ಹೋದದ್ದನ್ನು ಕಂಡೆ.

ಅತ್ತೆ ಇದನ್ನೆಲ್ಲ ನೋಡುತ್ತಾ "ಪುಚ್ಚೆಗೆ ಇಷ್ಟೆಲ್ಲ ಎಂತದಕ್ಕೆ? ಚೂರು ಹಾಲನ್ನ ಹಾಕಿದರೆ ಆಯ್ತು" ಅಂದರು. ನಿಜವಾದ ಮಾತುಕತೆ ಅಲ್ಲಿಂದ ಶುರುವಾಯಿತು. ತಾಯಿ ಹಾಲು ಬಿಟ್ಟ ಮೇಲೆ ಎಷ್ಟೋ ಮರಿಗಳಿಗೆ ಹಸುವಿನ ಹಾಲು ಜೀರ್ಣ ಆಗುವುದಿಲ್ಲ, ಭೇದಿಯಾಗುತ್ತದೆ. ಅನ್ನದಲ್ಲಿ ಹೊಟ್ಟೆ ತುಂಬುತ್ತದೆ, ಆದರೆ ಬೆಕ್ಕಿಗೆ ಮಾಂಸದಲ್ಲಿರುವ ಟಾರಿನ್ ಅನ್ನುವ ಪೋಷಕಾಂಶ ಬೇಕೇ ಬೇಕು. ಅದು ಸಿಗದಿದ್ದರೆ ನಿಧಾನಕ್ಕೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ನಮ್ಮದು ಮೀನು ಬೇಯಿಸದ ಮನೆ. ಅತ್ತೆಯ ಮನಸ್ಸು ನೋಯಿಸಿ ಬೆಕ್ಕು ಸಾಕುವುದು ನನಗೂ ಬೇಡ. ಎರಡು ದಿನ ಮಾತಾಡಿದ ಮೇಲೆ ಅವರೇ ಒಂದು ದಾರಿ ಹೇಳಿದರು. ಮರಿಯ ಆಹಾರದ ಡಬ್ಬ, ತಟ್ಟೆ, ತೊಳೆಯುವ ಬ್ರಷ್ ಎಲ್ಲ ಹಿಂದಿನ ಜಗಲಿಯಲ್ಲಿ. ಅಡುಗೆಕೋಣೆಯೊಳಗೆ ಬರಬಾರದು. ಜಗಲಿಗೆ ಜಾಲರಿ ಇದೆ, ಹಾಗಾಗಿ ಒಪ್ಪಿದೆ. ಮಂಗಳೂರಿಗೆ ಹೋದವರ ಹತ್ತಿರ ಮರಿಗಳ ಒಣ ಆಹಾರದ ಚೀಲ ತರಿಸಿದೆ. ಗೆಳತಿಯ ಮನೆಯಲ್ಲಿ ಕೊಡುತ್ತಿದ್ದದ್ದೇ ಬ್ರಾಂಡ್, ಏಕಾಏಕಿ ಬದಲಾಯಿಸಿದರೆ ಹೊಟ್ಟೆ ಕೆಡುತ್ತದೆ. ಬಿಸಿನೀರಿನಲ್ಲಿ ನೆನೆಸಿ ದಿನಕ್ಕೆ ನಾಲ್ಕು ಸಲ ಕೊಡುತ್ತೇವೆ.

ಕಕ್ಕಸಿನ ತಟ್ಟೆಗೆ ಅಡಿಕೆ ಹಾಳೆಯೇ ಸಾಕಾಯಿತು. ಅಗಲದ ಹಾಳೆಯ ಎರಡು ತುದಿ ಮಡಚಿ ಕಡ್ಡಿ ಚುಚ್ಚಿದರೆ ಅಂಚು ತಗ್ಗಿನ ತಟ್ಟೆಯಾಗುತ್ತದೆ, ಮರಿಗೆ ಹತ್ತಿ ಇಳಿಯಲು ಸುಲಭ. ಒಳಗೆ ಹಾಕುವುದಕ್ಕೆ ಅಡಿಕೆ ಸಿಪ್ಪೆ ನೋಡಿದೆ, ಮರಿ ಕಾಲಿಡಲೇ ಇಲ್ಲ. ಮರದ ಮಿಲ್ಲಿನ ಹುಡಿ ತಂದೆ, ಮೈಗೆಲ್ಲ ಅಂಟಿ ಸೀನತೊಡಗಿತು. ಸಣ್ಣ ಹೊಯ್ಗೆ, ಅಂದರೆ ಮರಳು, ಜರಡಿ ಹಿಡಿದು, ಒಲೆಯ ಹತ್ತಿರ ಒಣಗಿಸಿ ಹಾಕಿದ ಮೇಲೆ ಮರುಮಾತಿಲ್ಲದೆ ಹೋಯಿತು. ಮಳೆಗಾಲದಲ್ಲಿ ಹೊಯ್ಗೆ ಒಣಗಿಸುವುದೇ ದೊಡ್ಡ ಕೆಲಸ, ಒಂದು ಗೋಣಿ ಮೊದಲೇ ಮಾಡಿಟ್ಟುಕೊಳ್ಳಿ. ಊಟದ ತಟ್ಟೆಯಿಂದ ದೂರ ಇಡಬೇಕು, ದಿನಾ ತೆಗೆಯಬೇಕು.

ತರುವ ಹತ್ತು ದಿನ ಮೊದಲು ಒಂದು ಹಳೆ ಬೈರಾಸನ್ನು (ಟವೆಲ್) ಗೆಳತಿಯ ಮನೆಗೆ ಕೊಟ್ಟು ಬಂದಿದ್ದೆ, ತಾಯಿ ಬೆಕ್ಕು ಮಲಗುವ ಜಾಗದಲ್ಲಿ ಹಾಸಿ, ತಾಯಿಯ ವಾಸನೆ ಹಿಡಿಯಲಿ ಎಂದು. ತರುವಾಗ ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಒಂದರ ಮೇಲೊಂದು ಕವುಚಿ ಕಟ್ಟಿ, ಒಳಗೆ ಆ ಬೈರಾಸು ಹಾಸಿದೆವು. ಮನೆಯಲ್ಲಿ ಅದೇ ಬೈರಾಸು ರಟ್ಟಿನ ಪೆಟ್ಟಿಗೆಯೊಳಗೆ ಹೋಯಿತು. ಆ ದಿನ ಜೋರು ಮಳೆ, ಥಂಡಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಟ್ಟೆ, ಬಿಸಿ ಜಾಸ್ತಿಯಾದರೆ ಆಚೆ ಸರಿಯಲು ಜಾಗ ಬೇಕಲ್ಲ.

ಮೊದಲ ದಿನ ಮರಿ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಮಗಳಿಗೆ ಎಳೆದು ತೆಗೆಯಬೇಡ ಎಂದು ಹೇಳಿ, ಇಬ್ಬರೂ ನೆಲದಲ್ಲಿ ಕೂತು ಅವಳ ಮಲಯಾಳ ಪಾಠ ಓದಿಸಿದೆವು, ನಮ್ಮ ಸ್ವರ ಕೇಳಿ ಅಭ್ಯಾಸವಾಗಲಿ ಎಂದು. ರಾತ್ರಿ ಎಂಟಕ್ಕೆ ಮೂಗು ಮಾತ್ರ ಕಾಣಿಸಿತು. ಮಾರನೆ ದಿನ ಬೆಳಗ್ಗೆ ಹಾಳೆಯಲ್ಲಿ ಹೊಯ್ಗೆ ಕೆದಕಿದ ಗುರುತಿತ್ತು, ತಟ್ಟೆ ಖಾಲಿಯಾಗಿತ್ತು.

ಬಂದ ದಿನ ಅಡುಗೆಮನೆಯ ತಕ್ಕಡಿಯಲ್ಲಿ 1 ಕಿಲೋ 250 ಗ್ರಾಂ ಇತ್ತು. ವಾರಕ್ಕೊಮ್ಮೆ ತೂಗಿ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ, ಈಗ ಬರೆಯುವುದು ಅತ್ತೆ. ಹದಿನಾರನೆಯ ವಾರದ ಕೊನೆಯ ಡೋಸಿಗೆ ಒಂದು ದಿನ ಗುರುತು ಹಾಕಿದ್ದೇವೆ. ಅಲ್ಲಿಯವರೆಗೆ ಅಂಗಳಕ್ಕೆ ಬಿಡುವುದಿಲ್ಲ. ಐದು ತಿಂಗಳು ತುಂಬುವಾಗ ಮರಿ ಹಾಕದಂತೆ ಆಪರೇಷನ್ ಮಾಡಿಸುವುದಕ್ಕೆ ಡಾಕ್ಟರ ಹತ್ತಿರ ಈಗಲೇ ಹೇಳಿಟ್ಟಿದ್ದೇನೆ.